ಕಟಾದಲ್ಲಿ ಕೈ ಸೊಂಟಕ್ಕೆ, ಕುಮಿಟೆಯಲ್ಲಿ ಕೈ ಮುಖದ ಮುಂದೆ: ಯಾವುದು ಸರಿ?

ಹಸಿರುಪಟ್ಟಿ:

ಎಲ್ಲರಿಗೂ ನಮಸ್ಕಾರ. ಶೋಟೋಕಾನ್ ಶೈಲಿಯ ಕರಾಟೆ ಕಲಿಯುವವರಿಗೆ ಸಾಮಾನ್ಯವಾಗಿ ಬರುವ ಗೊಂದಲ ಇದು, ತಿಳಿದವರು ಬಿಡಿಸಿ ಹೇಳಿ.

ಕಿಹೋನ್ (ಮೂಲ ತಂತ್ರಗಳ ಅಭ್ಯಾಸ), ಕಟಾ (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ಮಾಡುವಾಗ ಒಂದು ಕೈ ಪಂಚ್ ಹೊಡೆದರೆ ಇನ್ನೊಂದು ಕೈ ಸೊಂಟಕ್ಕೆ ಬರಲೇಬೇಕು. ಬರದಿದ್ದರೆ ಗ್ರೇಡಿಂಗ್‌ನಲ್ಲಿ ಮಾರ್ಕ್ಸ್ ಕಟ್. ಅದೇ ವಿದ್ಯಾರ್ಥಿ ಅರ್ಧ ಗಂಟೆ ಬಿಟ್ಟು ಕುಮಿಟೆಗೆ (ಎದುರಾಳಿಯ ಜೊತೆಗಿನ ಹೋರಾಟಕ್ಕೆ) ನಿಂತು ಕೈ ಸೊಂಟಕ್ಕೆ ಎಳೆದರೆ "ಗಾರ್ಡ್ ಎಲ್ಲಪ್ಪಾ?" ಅಂತ ಬೈಗುಳ. ಹಾಗಾದರೆ ಆ ಹಿಕಿಟೆ (ಸೊಂಟಕ್ಕೆ ಎಳೆಯುವ ಕೈ) ಇರುವುದು ಬರೀ ಚಂದಕ್ಕಾ? ಟೂರ್ನಮೆಂಟ್ ಕುಮಿಟೆಯನ್ನು ಚೆನ್ನಾಗಿ ಆಡುವವರಿಗೆ, ಯಾರೋ ನಿಜವಾಗಿ ಮೈಮೇಲೆ ಬಿದ್ದರೆ ಆ ಆಟ ಎಷ್ಟು ಕೆಲಸಕ್ಕೆ ಬರುತ್ತದೆ? ವಾರಕ್ಕೆ ಮೂರು ಕ್ಲಾಸು, ಒಂದೊಂದು ಒಂದೂವರೆ ಗಂಟೆ. ಅಷ್ಟರಲ್ಲಿ ಎರಡನ್ನೂ ಹೇಗೆ ಹೊಂದಿಸುವುದು?

ಉಕೆಯ ಮೊಣಕೈ:

ಮೊದಲ ಪ್ರಶ್ನೆಗೆ ನೇರ ಉತ್ತರ: ಹಿಕಿಟೆ ಖಾಲಿ ಕೈಯಲ್ಲ. ಸೊಂಟಕ್ಕೆ ಬರುವ ಆ ಮುಷ್ಟಿಯೊಳಗೆ ಎದುರಾಳಿಯ ಮಣಿಕಟ್ಟೋ ತೋಳಿನ ಬಟ್ಟೆಯೋ ಇದೆ ಅಂದುಕೊಂಡು ಕಟಾ ನೋಡಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. "ಎದುರು ದಿಕ್ಕಿಗೆ ಎಳೆದರೆ ಪಂಚ್‌ಗೆ ಶಕ್ತಿ ಬರುತ್ತದೆ" ಅನ್ನುವ ವಿವರಣೆ ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಕೈಯನ್ನು ದವಡೆಯ ಪಕ್ಕ ಇಟ್ಟುಕೊಂಡೇ ಸೊಂಟ ತಿರುಗಿಸಿ ಬಾಕ್ಸರುಗಳು ಬೇಕಾದಷ್ಟು ಜೋರಾಗಿ ಹೊಡೆಯುತ್ತಾರೆ. ಆದ್ದರಿಂದ ಆ ಒಂದೇ ಕಾರಣ ಸಾಲದು.

ಹೆಯಾನ್ ಶೊದಾನ್ ಅನ್ನುವ ಕಟಾದ ಮೊದಲ ಚಲನೆಯನ್ನೇ ತೆಗೆದುಕೊಳ್ಳಿ, ಎಡಗೈ ಗೆದಾನ್-ಬರಾಯ್, ಅಂದರೆ ಕೆಳಕ್ಕೆ ಬೀಸುವ ತಡೆ. ಎದುರಾಳಿ ಬಲಗೈಯಿಂದ ನಿಮ್ಮ ಎದೆಯ ಬಟ್ಟೆ ಹಿಡಿದಿದ್ದಾನೆ.

1. ನಿಮ್ಮ ಬಲಗೈಯಿಂದ ಅವನ ಬಲ ಮಣಿಕಟ್ಟನ್ನು ನಿಮ್ಮ ಎದೆಗೇ ಒತ್ತಿ ಹಿಡಿಯಿರಿ. ಈಗಲೇ ಎಳೆಯಬೇಡಿ. ಎಡಗೈ ಬಲ ಕಿವಿಯ ಹತ್ತಿರ ಹೋಗುತ್ತದೆ. ಕಟಾದಲ್ಲಿ "ತಯಾರಿ" ಅಂತ ಹೇಳಿಕೊಡುವುದು ಇದನ್ನೇ. ಆ ಹೊತ್ತಿಗೆ ಎಡ ಮುಂಗೈ ಮುಖಕ್ಕೆ ಅಡ್ಡ ಬರುವುದರಿಂದ, ಅವನ ಎಡಗೈಯಿಂದ ಹೊಡೆತ ಬಂದರೂ ತುಸು ರಕ್ಷಣೆ ಸಿಗುತ್ತದೆ.

2. ಅವನ ಮೊಣಕೈ ಮೇಲ್ಮುಖವಾಗುವಂತೆ ಮಣಿಕಟ್ಟನ್ನು ತಿರುಗಿಸುತ್ತಾ ಬಲ ಸೊಂಟಕ್ಕೆ ಎಳೆಯಿರಿ. ತೋಳಿನಿಂದಲ್ಲ, ಸೊಂಟ ತಿರುಗಿಸಿ, ಬಲಗಾಲನ್ನು ಹಿಂದಕ್ಕೆ ತೆಗೆದು.

3. ಎಡ ಮುಂಗೈ ಅವನ ಮೊಣಕೈಗಿಂತ ಎರಡು ಮೂರು ಬೆರಳು ಮೇಲೆ, ರಟ್ಟೆಯ ಹಿಂಭಾಗದ ಮೇಲೆ, ಓರೆಯಾಗಿ ಕೆಳಗೆ ಬೀಳಲಿ. ಅವನ ತಲೆ ಬಗ್ಗುತ್ತದೆ. ಮುಂದಿನ ಚಲನೆಯಾದ ಬಲಗೈ ಓಯಿ-ಝುಕಿಗೆ (ಹೆಜ್ಜೆ ಮುಂದಿಟ್ಟು ಹೊಡೆಯುವ ಪಂಚ್) ಗುರಿ ಆ ಬಗ್ಗಿದ ತಲೆಯೇ.

ಎಡವಟ್ಟಾಗುವುದು ಎಲ್ಲಿ ಅಂದರೆ, ಮಣಿಕಟ್ಟು ತಿರುಗಿಸದೆ ಎಳೆದರೆ ಅವನ ಮೊಣಕೈ ಮಡಚಿಕೊಂಡು ಅವನು ಎದೆಗೆ ಎದೆ ಕೊಟ್ಟು ಒಳಗೆ ಬರುತ್ತಾನೆ. ನಿಮ್ಮ ಹಿಡಿತ ಸೊಂಟ ಮುಟ್ಟದೆ ಹೊಟ್ಟೆಯ ಮುಂದೆಯೇ ನಿಂತರೆ ಅವನ ತೋಳು ಚಾಚುವುದೇ ಇಲ್ಲ. ಮುಂಗೈಯನ್ನು ನೇರ ಕೀಲಿನ ಮೇಲೆ ಹಾಕಿದರಂತೂ ಅಭ್ಯಾಸಕ್ಕೆ ಬಂದ ಜೊತೆಗಾರನ ಮೊಣಕೈ ಹೋಯಿತು. ಮೊದಮೊದಲು ನಿಧಾನವಾಗಿ, ಅವನು ತಟ್ಟಿದ ಕೂಡಲೇ ಬಿಟ್ಟು ಮಾಡಿ.

ಇನ್ನೊಂದು ಮಾತು. ಹಾರಿಬರುವ ಪಂಚನ್ನು ಗಾಳಿಯಲ್ಲೇ ಹಿಡಿಯಲು ಯಾರೂ ಹೋಗಬೇಡಿ, ಅದು ಸಿನಿಮಾ. ಹಿಡಿಯಲು ಸಿಗುವುದು ನಿಮ್ಮನ್ನು ಆಗಲೇ ಹಿಡಿದಿರುವ ಕೈ, ತಳ್ಳುತ್ತಿರುವ ಕೈ, ಇಲ್ಲವೇ ನಿಮ್ಮ ಮುಂಗೈಗೆ ತಗುಲಿ ಅಲ್ಲೇ ಒಂದು ಕ್ಷಣ ನಿಂತ ಕೈ.

ಟಾಟಾಮಿ ಅಂಚು:

ಮೇಲಿನವರು ಹೇಳಿದ್ದು ಸರಿ. ಆದರೆ ಕ್ರೀಡೆಯ ಕಡೆಯಿಂದಲೂ ನೋಡಬೇಕಲ್ಲ. ಕುಮಿಟೆ ಆಡುವವರಿಗೆ ಹಿಕಿಟೆ ಗೊತ್ತಿಲ್ಲ ಅಂತಲ್ಲ, ನಿಯಮ ಅದಕ್ಕೆ ಕೆಲಸ ಕೊಟ್ಟಿಲ್ಲ. ವರ್ಲ್ಡ್ ಕರಾಟೆ ಫೆಡರೇಷನ್ ನಿಯಮದಲ್ಲಿ ಪಂಚ್‌ಗೆ ಯೂಕೋ, 1 ಅಂಕ. ಮೈಗೆ ಬಿದ್ದ ಕಿಕ್‌ಗೆ ವಝಾ-ಆರಿ, 2. ತಲೆಗೆ ಬಿದ್ದ ಕಿಕ್‌ಗೆ, ಅಥವಾ ಬಿದ್ದವನ ಮೇಲೆ ಹಾಕಿದ ತಂತ್ರಕ್ಕೆ ಇಪ್ಪೊನ್, 3. ಸೀನಿಯರ್ ಪಂದ್ಯ 3 ನಿಮಿಷ, 8 ಅಂಕದ ಮುನ್ನಡೆ ಬಂದರೆ ಅಲ್ಲಿಗೇ ಮುಗಿಯಿತು. ಕೈಗೆ ಮಿಟ್ (ಮೆತ್ತನೆಯ ಕೈಗವಸು) ಹಾಕಿರುತ್ತಾರೆ. ಹಿಡಿದರೆ ತಕ್ಷಣ ಅಂಕದ ತಂತ್ರವೋ ಕೆಡಹುವ ತಂತ್ರವೋ ಬರಬೇಕು, ಸುಮ್ಮನೆ ಹಿಡಿದು ನಿಂತರೆ ದಂಡ. ಮೊಣಕೈ, ಮಂಡಿ, ತಲೆಯಿಂದ ಹೊಡೆಯುವಂತಿಲ್ಲ. ಗಂಟಲು, ತೊಡೆಸಂದು, ಕೀಲುಗಳಿಗೆ ಹೊಡೆಯುವಂತಿಲ್ಲ, ಬಿಚ್ಚಿದ ಕೈಯಿಂದ ಮುಖಕ್ಕೂ ಇಲ್ಲ.

ಇಷ್ಟು ತೆಗೆದ ಮೇಲೆ ಉಳಿಯುವುದು ದೂರದ ಆಟ. ಒಂದು ಹೆಜ್ಜೆ ನುಗ್ಗದೆ ಮುಷ್ಟಿ ತಾಗದಷ್ಟು ಅಂತರದಲ್ಲಿ ಇಬ್ಬರೂ ಪಕ್ಕವಾಲಿ ನಿಂತು ಪುಟಿಯುತ್ತಿರುತ್ತಾರೆ. ತೊಡೆಗೆ ಕಿಕ್ ಬರುವ ಭಯವಿಲ್ಲ, ಹಾಗಾಗಿ ಮುಂಗಾಲಿನ ಮೇಲೆ ಭಾರ ಬಿಟ್ಟು ನಿಲ್ಲಬಹುದು. ಗ್ಯಾಕು-ಝುಕಿ (ಹಿಂದಿನ ಕೈಯ ಪಂಚ್) ಹೊಡೆದ ಕೂಡಲೇ ಕೈ ಹಿಂದಕ್ಕೆ ಕಿತ್ತುಕೊಂಡು ಹೊರಗೆ ಬರಬೇಕು, ರೆಫರಿ ಎಚ್ಚರವನ್ನೂ ನೋಡುತ್ತಾರೆ, ಅದೇ ಝಾನ್ಶಿನ್.

ಕ್ರೀಡೆಯಲ್ಲಿ ಹೊಡೆತದ ಬಲದ ಮೇಲೆ ಹಿಡಿತ ಎಷ್ಟು ಮುಖ್ಯ ಅನ್ನುವುದಕ್ಕೆ ಟೋಕಿಯೋ ಒಲಿಂಪಿಕ್ಸ್ ನೋಡಿ. 2021ರ ಆಗಸ್ಟ್‌ನಲ್ಲಿ 75 ಕೆ.ಜಿ. ಮೇಲಿನವರ ಫೈನಲ್. ಸೌದಿಯ ತಾರೆಗ್ ಹಮೆದಿ 4-1 ಮುಂದಿದ್ದಾಗ ಅವರ ಕಿಕ್ ಇರಾನಿನ ಸಜ್ಜಾದ್ ಗಂಜ್‌ಜಾದೆ ತಲೆಗೆ ಬಿತ್ತು. ಸಜ್ಜಾದ್ ಪ್ರಜ್ಞೆ ತಪ್ಪಿ ಸ್ಟ್ರೆಚರ್ ಮೇಲೆ ಹೋದರು, ಚಿನ್ನ ಅವರಿಗೇ ಬಂತು. ಹಿಡಿತವಿಲ್ಲದ ಹೊಡೆತಕ್ಕೆ ತಾರೆಗ್ ಅನರ್ಹ. ಕಾಳಗದ ಲೆಕ್ಕದಲ್ಲಿ ಗೆದ್ದ ಹೊಡೆತ, ಆಟದ ಲೆಕ್ಕದಲ್ಲಿ ಸೋಲು. ತೀರ್ಪು ತಪ್ಪು ಅಂತ ಈಗಲೂ ವಾದಿಸುವವರಿದ್ದಾರೆ, ಆದರೆ ನಿಯಮ ಓದಿದವರಿಗೆ ಅದು ಆಶ್ಚರ್ಯವೇನಲ್ಲ.

ಎರಡನೇ ಪ್ರಶ್ನೆಗೆ ಬಂದರೆ, ಟೂರ್ನಮೆಂಟ್ ಆಡಿದವರನ್ನು ಸುಮ್ಮನೆ ತಳ್ಳಿಹಾಕಬೇಡಿ. ಸಮಯಪ್ರಜ್ಞೆ, ಅಂತರದ ಅಂದಾಜು, ಒಪ್ಪದೆ ಎದುರು ನಿಂತವನ ಮೇಲೆ ತಂತ್ರ ಹಾಕುವ ರೂಢಿ, ಇವೆಲ್ಲ ಬರೀ ಕಟಾ ಮಾಡಿದವರಿಗೆ ಬರುವುದಿಲ್ಲ.

ಹಸಿರುಪಟ್ಟಿ:

ಇಬ್ಬರಿಗೂ ಧನ್ಯವಾದ ಸರ್. ಇನ್ನೆರಡು ಸಂದೇಹ. ಹಿಡಿದ ಕೈಯನ್ನು ಅವನು ಜೋರಾಗಿ ಹಿಂದಕ್ಕೆ ಎಳೆದುಕೊಂಡರೆ ಏನು ಮಾಡುವುದು? ಮತ್ತೆ, ಮಿಟ್ ಇಲ್ಲದೆ ಮುಷ್ಟಿಯಿಂದ ಮುಖಕ್ಕೆ ಹೊಡೆದರೆ ಕೈಯೇ ಮುರಿಯುತ್ತದೆ ಅಂತಾರೆ. ಅದಕ್ಕೆ ಮಕಿವಾರ (ಮುಷ್ಟಿಯಿಂದ ಹೊಡೆದು ಅಭ್ಯಾಸ ಮಾಡುವ ಹಲಗೆ) ಬೇಕೇ ಬೇಕಾ?

ಮಕಿವಾರ ಮರ:

ಎಳೆದುಕೊಂಡರೆ ಒಳ್ಳೆಯದೇ, ಅವನೇ ನಿಮ್ಮನ್ನು ಒಳಗೆ ಕರೆದ ಹಾಗೆ. ಎದುರೆಳೆದು ಹಗ್ಗಜಗ್ಗಾಟಕ್ಕೆ ಇಳಿಯದೆ ಅವನ ಎಳೆತದ ಜೊತೆಗೇ ಹೆಜ್ಜೆ ಇಟ್ಟು ಹೊಡೆಯಿರಿ. ಈ ಸ್ಪರ್ಶಜ್ಞಾನ ಬೆಳೆಸಲು ಗೋಜು-ರ್ಯೂ ಅನ್ನುವ ಇನ್ನೊಂದು ಕರಾಟೆ ಶೈಲಿಯಲ್ಲಿ ಕಾಕಿಯೆ ಅನ್ನುವ ಅಭ್ಯಾಸ ಇದೆ. ಇಬ್ಬರೂ ಮಣಿಕಟ್ಟಿನ ಹತ್ತಿರ ಮುಂಗೈ ತಾಗಿಸಿ ನಿಂತು, ತಾಗಿದ್ದು ಬಿಡದ ಹಾಗೆ ವೃತ್ತಾಕಾರದಲ್ಲಿ ಒಬ್ಬ ತಳ್ಳುವುದು, ಇನ್ನೊಬ್ಬ ಹೀರಿಕೊಳ್ಳುವುದು. ಒಂದೊಂದು ಕೈಗೆ ಎರಡು ನಿಮಿಷ ಸಾಕು. ತಳ್ಳಿದ್ದು ಮಿತಿಮೀರಿದ ಕ್ಷಣ ಹಿಡಿದು ಸೊಂಟಕ್ಕೆ, ಹಿಂದೆಗೆದ ಕ್ಷಣ ಒಳಗೆ. ಭುಜ ಬಿಗಿಹಿಡಿದವರಿಗೆ ಇದು ಬರುವುದೇ ಇಲ್ಲ. ಶೋಟೋಕಾನ್‌ನವರು ಮಾಡಬಾರದು ಅಂತೇನೂ ಕಾನೂನಿಲ್ಲ.

ಮುಷ್ಟಿಯ ವಿಷಯ. ಹೆಚ್ಚು ಮುರಿಯುವುದು ಕಿರುಬೆರಳಿನ ಗೆಣ್ಣಿನ ಹಿಂದಿನ ಅಂಗೈ ಮೂಳೆ. ಕಾರಣ, ಬೀಸಿ ಹೊಡೆದಾಗ ಹಣೆಗೋ ತಲೆಬುರುಡೆಗೋ ಆ ಗೆಣ್ಣು ಮೊದಲು ತಾಗುತ್ತದೆ. ನಾಲ್ಕು ಬೆರಳನ್ನು ತುದಿಯಿಂದ ಸುತ್ತಿ ಮಡಚಿ, ಹೆಬ್ಬೆರಳನ್ನು ತೋರುಬೆರಳು, ನಡುಬೆರಳ ಮೇಲೆ ಅಡ್ಡ ಒತ್ತಿ. ತಾಗಬೇಕಾದದ್ದು ಆ ಎರಡು ಬೆರಳಿನ ಗೆಣ್ಣು ಮಾತ್ರ, ಮತ್ತು ಅಲ್ಲಿಂದ ಮೊಣಕೈವರೆಗೆ ಒಂದೇ ಗೆರೆ. ಇಷ್ಟಾದರೂ ತಲೆಗೆ ಅಂಗೈ ಬುಡದ ಹೊಡೆತ, ಅಂದರೆ ತೇಶೋ, ಹೆಚ್ಚು ಸುರಕ್ಷಿತ. ಮುಷ್ಟಿಯನ್ನು ದವಡೆಯ ಕೆಳಗಿನ ಭಾಗಗಳಿಗೆ ಇಟ್ಟುಕೊಳ್ಳಿ.

ಮಕಿವಾರ ಬೇಕೇ ಬೇಕು ಅನ್ನಲಾರೆ, ಆದರೆ ಗಾಳಿಗೆ ಹೊಡೆದು ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ. ಮಣಿಕಟ್ಟು ತುಸು ಬಾಗಿದ್ದರೂ, ಹಿಮ್ಮಡಿ ಎದ್ದಿದ್ದರೂ ಹಲಗೆ ನಿಮ್ಮನ್ನೇ ಹಿಂದಕ್ಕೆ ತಳ್ಳುತ್ತದೆ. ಹಲಗೆ ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ತೆಳು ಇರಬೇಕು, ಹೊಡೆದಾಗ ಬಾಗಬೇಕು. ಹೊಡೆಯುವ ಜಾಗ ನಿಂತ ಭಂಗಿಯಲ್ಲಿ ನಿಮ್ಮ ಎದೆಯ ಮಟ್ಟಕ್ಕೆ. ಗೋಡೆಗೆ ಮೊಳೆ ಹೊಡೆದು ಕೂರಿಸಿದ ಗಟ್ಟಿ ಹಲಗೆ ಮಕಿವಾರ ಅಲ್ಲ, ಅದು ಗೆಣ್ಣಿನ ಸಂಧಿವಾತಕ್ಕೆ ಅರ್ಜಿ. ಒಂದು ಕೈಗೆ 20ರಿಂದ ಶುರು ಮಾಡಿ, ಅರ್ಧ ಬಲ. ಚರ್ಮ ಸುಲಿದರೆ ಮುಷ್ಟಿ ಜಾರುತ್ತಿದೆ ಅಂತ ಅರ್ಥ, ಬಲ ಕಡಿಮೆ ಮಾಡಿ ಕೋನ ಸರಿಮಾಡಿ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಬೇಡ, ಕೈಪ್ಯಾಡ್ ಸಾಕು.

ಅಂದಹಾಗೆ ಈ "ಆಟವೋ ಕಾಳಗವೋ" ಪ್ರಶ್ನೆ ನಿನ್ನೆ ಮೊನ್ನೆಯದಲ್ಲ. ಒಕಿನಾವಾದ ಶಾಲೆಗಳಿಗೆ ಕರಾಟೆ ತಂದ ಆಂಕೋ ಇತೋಸು 1908ರಲ್ಲಿ ಬರೆದ ಹತ್ತು ಸೂತ್ರಗಳ ಪತ್ರದಲ್ಲೇ, ಅಭ್ಯಾಸ ದೇಹ ಬೆಳೆಸಲೋ ಬಳಕೆಗೋ ಅಂತ ಮೊದಲು ನಿರ್ಧರಿಸಿಕೊಳ್ಳಿ ಅಂದಿದ್ದಾರೆ. ಮಕಿವಾರಕ್ಕೆ ದಿನಕ್ಕೆ ಒಂದು ಕೈಗೆ ನೂರಿನ್ನೂರು ಅನ್ನುವುದೂ ಅದೇ ಪತ್ರದ ಮಾತು. ಅವರ ಪ್ರಕಾರ ಕರಾಟೆ ಒಬ್ಬ ಎದುರಾಳಿಯನ್ನು ಗೆಲ್ಲುವುದಕ್ಕಲ್ಲ, ಪುಂಡರ ಕೈಗೆ ಸಿಕ್ಕಾಗ ಪೆಟ್ಟು ತಿನ್ನದೆ ಪಾರಾಗುವುದಕ್ಕೆ. ಶಾಲೆಗೆಂದು ಅವರು ಹೊಂದಿಸಿದ ಪಿನಾನ್ ಕಟಾಗಳಿಗೇ ಶೋಟೋಕಾನ್ ಸ್ಥಾಪಕ ಫುನಾಕೋಶಿ ಆಮೇಲೆ ಹೆಯಾನ್ ಅಂತ ಹೆಸರಿಟ್ಟರು. ಜಪಾನ್ ಕರಾಟೆ ಅಸೋಸಿಯೇಷನ್‌ನ ಮೊದಲ ಅಖಿಲ ಜಪಾನ್ ಚಾಂಪಿಯನ್‌ಶಿಪ್ ನಡೆದದ್ದು 1957ರಲ್ಲಿ. ಅಂದರೆ ಅಂಕದ ಕುಮಿಟೆ ಬಂದದ್ದು ಎಷ್ಟೋ ಆಮೇಲೆ. ಆ ಕಟಾ ಅಂಕದ ಆಟಕ್ಕೆ ಹೊಂದುತ್ತಿಲ್ಲ ಅಂತ ತಲೆಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಪ್ಯಾಡ್ ಹಿಡಿಯುವವ:

ಇತಿಹಾಸ ಚೆನ್ನಾಗಿದೆ, ಆದರೆ ಒಂದು ಕಡೆ ತಕರಾರು. ಬುಂಕಾಯ್ (ಕಟಾ ಚಲನೆಗಳನ್ನ ಎದುರಾಳಿ ಮೇಲೆ ಬಳಸೋ ಬಗೆ) ಗೊತ್ತಿದ್ದರೆ ಕಾಳಗ ಬಂತು ಅನ್ನೋ ಹಾಗೆ ಮಾತು ಹೋಗ್ತಿದೆ. ಬಹಳ ಡೋಜೋಗಳಲ್ಲಿ (ಕರಾಟೆ ಶಾಲೆಗಳಲ್ಲಿ) ಉಕೆ, ಅಂದ್ರೆ ದಾಳಿ ಮಾಡೋ ಜೊತೆಗಾರ, ಒಂದು ಓಯಿ-ಝುಕಿ ಹೊಡೆದು ಕೈ ಚಾಚಿ ಬೊಂಬೆ ಹಾಗೆ ನಿಲ್ತಾನೆ, ಎದುರಿಸೋ ಟೋರಿ ಐದು ತಂತ್ರ ಹಾಕ್ತಾನೆ. ಆಟಕ್ಕುಂಟು ಲೆಕ್ಕಕ್ಕಿಲ್ಲ. ಸರಿಪಡಿಸೋದು ಸುಲಭ: ಹೊಡೆದ ಕೈ ಹಿಂದಕ್ಕೆ ಬರಲೇಬೇಕು, ಎರಡನೇ ಪಂಚ್ ಬರಲೇಬೇಕು, ಅಂತರ ಒಂದು ತೋಳಿನಷ್ಟು ಮಾತ್ರ. ಇಷ್ಟು ಮಾಡಿದ ದಿನವೇ ಅರ್ಧಕ್ಕರ್ಧ ಬುಂಕಾಯ್ ಉದುರಿಹೋಗುತ್ತೆ. ಉಳಿದದ್ದನ್ನ ಅಭ್ಯಾಸ ಮಾಡಿ.

ಪೂರ್ತಿ ಸಂಪರ್ಕದ ಆಟ ಅಂದ್ರೂ ಅದೇ ಕಾಳಗ ಅಲ್ಲ. ಕ್ಯೋಕುಶಿನ್ ಶೈಲಿಯ ಕರಾಟೆಯಲ್ಲಿ ಮೈಗೆ, ತೊಡೆಗೆ ಪೂರ್ತಿ ಬಲ, ಆದರೆ ಕೈಯಿಂದ ಮುಖಕ್ಕೆ ಹೊಡೆಯೋ ಹಾಗಿಲ್ಲ. ಅದಕ್ಕೇ ಅಲ್ಲಿ ಎದೆಗೆ ಎದೆ ಕೊಟ್ಟು ನಿಂತು ಹೊಡೆದಾಡ್ತಾರೆ, ಗಾರ್ಡ್ ಕೆಳಗೆ ಇಳಿದಿರುತ್ತೆ. ಯಾವ ನಿಯಮ ಇರುತ್ತೋ ಮೈ ಅದಕ್ಕೆ ತಕ್ಕ ಹಾಗೆ ಒಗ್ಗುತ್ತೆ.

ವಾರದ ಮೂರು ಕ್ಲಾಸು ಹೀಗೆ ಹಂಚಬಹುದು. ಎರಡರಲ್ಲಿ ತಲಾ 15 ನಿಮಿಷ ಮೈ ಬಿಸಿ, 20 ಕಿಹೋನ್, 20 ಕಟಾ, 25 ಅಂಕದ ಕುಮಿಟೆ, 10 ಸಡಿಲಿಕೆ. ಕಿಹೋನ್‌ನ ಕೊನೆಯ ಅರ್ಧ ಗಾಳಿಗೆ ಬೇಡ, ಪ್ಯಾಡ್‌ಗೆ ಹೊಡೀರಿ. ಗಾಳಿಗೆ ಪೂರ್ತಿ ಬಲದಿಂದ ಮೊಣಕೈ ಲಾಕ್ ಮಾಡ್ತಾ ಹೋದ್ರೆ ಆ ಬಲವೆಲ್ಲ ಕೀಲಿಗೇ ಬೀಳುತ್ತೆ, ಮೊಣಕೈ ನೋವು ಗ್ಯಾರಂಟಿ.

ಮೂರನೇ ಕ್ಲಾಸಿನಲ್ಲಿ ಅಂಕದ ಮಾತೇ ಬೇಡ. 20 ನಿಮಿಷ ಒಂದೇ ಒಂದು ಕಟಾ ತುಣುಕು, ಜೊತೆಗಾರನ ಜೊತೆ. 20 ನಿಮಿಷ ಪ್ಯಾಡ್, ಪೂರ್ತಿ ಬಲ: ತೇಶೋ, ಮೊಣಕೈ, ಮಂಡಿ, ಕೆಳಗಿನ ಕಿಕ್. ಆಮೇಲೆ ಒತ್ತಡದ ಅಭ್ಯಾಸ: ಬೆನ್ನು ಗೋಡೆಗೆ, ಕೈ ಬಿಚ್ಚಿ ಎದೆಯ ಮಟ್ಟಕ್ಕೆ, ಎದುರಿನವನು ಬೈತಾ ತಳ್ತಾ ಬರ್ತಾನೆ, ಯಾವಾಗ ಹೊಡೀತಾನೆ ಅಂತ ಹೇಳಲ್ಲ. ಒಂದು ಸುತ್ತು 10ರಿಂದ 15 ಸೆಕೆಂಡ್. ಗುರಿ ಗೆಲ್ಲೋದಲ್ಲ, ಬಾಗಿಲು ಮುಟ್ಟೋದು. ಹಲ್ಲುಗಾರ್ಡ್, ಮುಖ ಮುಚ್ಚುವ ಹೆಲ್ಮೆಟ್, ತೊಡೆಸಂದಿನ ಗಾರ್ಡ್ ಇಲ್ಲದೆ ಇದನ್ನ ಮಾಡಬೇಡಿ. ಇಲ್ಲಿ ಎಲ್ಲರೂ ಮಾಡೋ ತಪ್ಪು ಒಂದೇ: ಒಂದು ಹೊಡೆತ ಚೆನ್ನಾಗಿ ಬಿದ್ದ ಕೂಡಲೇ ರೆಫರಿ "ಯಾಮೆ" (ನಿಲ್ಲಿಸಿ) ಅಂತಾನೇನೋ ಅನ್ನೋ ಹಾಗೆ ನಿಂತುಬಿಡ್ತಾರೆ. ಟೂರ್ನಮೆಂಟ್ ಝಾನ್ಶಿನ್ ಅಂದರೆ ಎದುರಿನವನ ಮೇಲೆ ಕಣ್ಣು. ಇಲ್ಲಿ ಎರಡನೆಯವನೊಬ್ಬ ಎಲ್ಲಿದ್ದಾನೆ, ದಾರಿ ಎಲ್ಲಿದೆ ಅಂತಲೂ ಕಣ್ಣು ಓಡಬೇಕು. ಆಗಾಗ ಹೇಳದೆ ಕೇಳದೆ ಇನ್ನೊಬ್ಬನನ್ನ ಪಕ್ಕದಿಂದ ಬಿಡಿ.

ಟಾಟಾಮಿ ಅಂಚು:

ಈ ಹಂಚಿಕೆ ಒಪ್ಪಿದೆ, ಒಂದು ಷರತ್ತಿನ ಮೇಲೆ. ಟೂರ್ನಮೆಂಟ್‌ಗೆ ಆರು ವಾರ ಇರುವಾಗ ಮೂರನೇ ಕ್ಲಾಸಿನ ಒತ್ತಡದ ಸುತ್ತುಗಳನ್ನು ನಿಲ್ಲಿಸಿ ಅಲ್ಲೂ ಕುಮಿಟೆ ಹಾಕಿ. ಪೂರ್ತಿ ಬಲದ ರೂಢಿ ಹಾಗೇ ಚಾಪೆಗೆ ಬಂದರೆ ತಲೆಗೆ ಹೋದ ಪಂಚು ಅಳತೆ ಮೀರುತ್ತದೆ, ಎಚ್ಚರಿಕೆಗಳು ಒಂದರ ಮೇಲೊಂದು ಬೀಳುತ್ತವೆ. ಬಲ ಬಿಡಲು ಪ್ಯಾಡ್, ಬಲದ ಮೇಲೆ ಹಿಡಿತ ಕಲಿಯಲು ಜೊತೆಗಾರ, ಎರಡನ್ನೂ ಅದಲುಬದಲು ಮಾಡಬೇಡಿ.

ಉಕೆಯ ಮೊಣಕೈ:

ಹಸಿರುಪಟ್ಟಿಯವರೇ, ಮೂರನೇ ಕ್ಲಾಸಿಗೆ ತುಣುಕು ಹುಡುಕುತ್ತಿದ್ದರೆ ಹೆಯಾನ್ ಶೊದಾನ್‌ನ ನಾಲ್ಕನೇ ಚಲನೆಯಿಂದ ಶುರು ಮಾಡಿ. ಬಲ ಮಣಿಕಟ್ಟು ಸಿಕ್ಕಿಬಿದ್ದಿದೆ, ಮುಂದಿನ ಕಾಲು ಹಿಂದಕ್ಕೆ ಬರುತ್ತದೆ, ಕೈ ಸುತ್ತು ಹೊಡೆದು ತೆತ್ಸುಯಿ (ಮುಷ್ಟಿಯ ಬದಿಯಿಂದ ಸುತ್ತಿಗೆಯಂಥ ಹೊಡೆತ) ಬೀಳುತ್ತದೆ. ಕೈ ಬಿಡಿಸಬೇಕಾದದ್ದು ಅವನ ಹೆಬ್ಬೆರಳಿನ ಕಡೆಯಿಂದ. ನಾಲ್ಕು ಬೆರಳಿನ ಕಡೆಗೆ ಎಳೆದರೆ ಎಷ್ಟು ಬಲ ಹಾಕಿದರೂ ಬರುವುದಿಲ್ಲ. ಕಾಲು ಮೊದಲು ಹಿಂದಕ್ಕೆ, ಕೈ ಆಮೇಲೆ. ಕೈ ಮುಂಚೆ ಹೋದರೆ ಅವನೂ ಜೊತೆಗೇ ಬರುತ್ತಾನೆ. ಜೊತೆಗಾರನಿಗೆ ಒಂದೇ ಮಾತು ಹೇಳಿ: ಹಿಡಿದ ಮೇಲೆ ಸುಮ್ಮನೆ ನಿಲ್ಲಬೇಡ, ಎಳೆ, ಇನ್ನೊಂದು ಕೈಯಿಂದ ಹೊಡೆ.