ಮಳೆಗಾಲದ ಸಸಿ ನೆಡುವ ಬಿಡಾರದಲ್ಲಿ ಅಡುಗೆ: ಮಾಡಿದವರು ಹೇಳಿ

ಕೇಳಿದವರು

ಜೂನ್ ಎರಡನೇ ವಾರದಿಂದ ಆರು ವಾರ ಜೋಯಿಡಾ ಕಡೆಯ ಒಂದು ನೆಡುತೋಪಿನಲ್ಲಿ ಮೂವತ್ತು ಜನರಿಗೆ ಅಡುಗೆ ಮಾಡಲು ಒಪ್ಪಿಕೊಂಡಿದ್ದೇನೆ. ಹಾವೇರಿ, ಗದಗ ಕಡೆಯ ಕೆಲಸದವರು, ಅರ್ಧದಷ್ಟು ಹೆಂಗಸರು. ಕರೆಂಟಿಲ್ಲ, ಫ್ರಿಜ್ಜಿಲ್ಲ, ಸಂತೆಗೆ ವಾರಕ್ಕೊಮ್ಮೆ ಗಾಡಿ. ಮದುವೆ ಮನೆ ಅಡುಗೆ ಗೊತ್ತು, ಕಾಡಿನದು ಗೊತ್ತಿಲ್ಲ. ಮೂರು ಹೊತ್ತೂ ಅನ್ನ-ಸಾರು ಮಾಡಿದರೆ ಸುಲಭ ಅಂದುಕೊಂಡಿದ್ದೇನೆ. ಸರಿಯೇ?

ಯಲ್ಲಾಪುರದ ಆಚೆ ನಾಲ್ಕು ಮಳೆಗಾಲ ಒಲೆ ಹಿಡಿದವಳು

ಮೂರು ಹೊತ್ತು ಅನ್ನ ಬೇಡ. ರಾತ್ರಿ ಏನಾದರೂ ಮಾಡಿ, ಬೆಳಗ್ಗೆ ಗುಡ್ಡಕ್ಕೆ ಕಟ್ಟಿಕೊಡುವ ಬುತ್ತಿಯಲ್ಲಂತೂ ರೊಟ್ಟಿಯೇ ಇರಲಿ. ಎರಡು ಮೀಟರಿಗೊಂದು ಸಸಿ ಅಂದರೆ ಹೆಕ್ಟೇರಿಗೆ 2,500 ಸಲ ಯಾರಾದರೂ ಬಗ್ಗಿ ಏಳಬೇಕು. ಅದೂ ಬುಟ್ಟಿ ಹೊತ್ತು, ಜಾರುವ ಕೆಮ್ಮಣ್ಣಿನಲ್ಲಿ. ಅನ್ನ ಉಂಡು ಹೋದವರಿಗೆ ಹತ್ತೂವರೆಗೆಲ್ಲ ಕೈಕಾಲು ಸೋತುಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೋಳ ತಿಂದು ಬೆಳೆದವರಿಗೆ ಅನ್ನ ಹೊಟ್ಟೆಗೆ ನಿಲ್ಲುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಮೊದಲ ವರ್ಷ ಐದು ಗಂಟೆಗೆ ಚಿತ್ರಾನ್ನ ಕಲಸಿ, ಬಿಸಿಬಿಸಿಯಾಗಿಯೇ ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು ಕಳಿಸಿದ್ದೆ. ಡಬ್ಬಿಯ ನಡುವಿನ ಅನ್ನ ಮಧ್ಯಾಹ್ನದವರೆಗೂ ಬೆಚ್ಚಗೇ ಉಳಿದು ಹಳಸಿತ್ತು. ಇಬ್ಬರು ಹೆಂಗಸರಿಗೆ ವಾಂತಿ ಹತ್ತಿ ಅವರನ್ನು ಗುಡ್ಡದಿಂದ ಹೊತ್ತು ಇಳಿಸಬೇಕಾಯಿತು. ಗುತ್ತಿಗೆದಾರರು ಹಳ್ಳದ ನೀರಿನ ಮೇಲೆ ಹಾಕಿದರು. ಕೆಟ್ಟದ್ದು ಅನ್ನ, ಕಟ್ಟಿದ್ದು ನಾನು. ಅನ್ನ ಕಳಿಸಲೇಬೇಕಾದರೆ ಅಗಲ ತಟ್ಟೆಗಳಲ್ಲಿ ಹರವಿ, ಪೂರ್ತಿ ಆರಿಸಿ, ಹುಣಸೆಹುಳಿ ಸೇರಿಸಿ, ಸಣ್ಣ ಡಬ್ಬಿಗಳಲ್ಲಿ ಕಳಿಸಿ.

ಈಗ ರೊಟ್ಟಿಯ ಲೆಕ್ಕ. ತಲೆಗೆ ಮೂರು ಅಂದರೂ ತೊಂಬತ್ತು. ಕಿಲೋ ಹಿಟ್ಟಿಗೆ ಹನ್ನೆರಡು ರೊಟ್ಟಿಯಂತೆ ದಿನಕ್ಕೆ ಏಳೂವರೆ ಕಿಲೋ. ಇಷ್ಟನ್ನು ಬೆಳಗಿನ ಜಾವ ಒಬ್ಬರೇ ಬಡಿಯಲಾಗದು. ಹಾಗಾಗಿ ಮೊದಲ ಗಾಡಿಯಲ್ಲೇ ಅವರ ಊರಿನ ಕಡೆಯಿಂದ ಕಡಕ್ ರೊಟ್ಟಿ ತರಿಸಿ. ಆದರೆ ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ಇರುವ ರೊಟ್ಟಿ ಇಲ್ಲಿ ಮೂರೇ ದಿನಕ್ಕೆ ಮೆತ್ತಗಾಗುತ್ತದೆ, ವಾರಕ್ಕೆ ಬೂಸಲು ಬರುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡ್ರಮ್ಮಿನಲ್ಲಿ ತುಂಬಿ ಒಲೆಯ ಹತ್ತಿರದ ಗೋಡೆಗೆ ಇಡಿ. ದಿನಕ್ಕೆ ಒಂದೇ ಸಲ ತೆಗೆಯಿರಿ. ಮೆತ್ತಗಾದದ್ದನ್ನು ಹಂಚಿನ ಮೇಲೆ ತಿರುವಿದರೆ ಮತ್ತೆ ಗರಿಯಾಗುತ್ತದೆ. ಬೂಸಲು ಕಂಡರೆ ಮಾತ್ರ ಕೆರೆದು ತಿನ್ನಿಸಬೇಡಿ, ಎಸೆಯಿರಿ.

ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆಂಪು ಮೆಣಸಿನಕಾಯಿ ಚಟ್ನಿ. ಕಡಲೆಹಿಟ್ಟಿನ ಜುಣಕವನ್ನು ಗಟ್ಟಿಯಾಗಿ ಕೆದಕಿ, ತಟ್ಟೆಗೆ ಬಡಿದು, ವಡಿ ಕೊಯ್ದರೆ ಬುತ್ತಿಗೆ ಬಹಳ ಒಳ್ಳೆಯದು, ಸೋರುವುದಿಲ್ಲ. ಮಡಕಿ ಕಾಳು, ಹೆಸರುಕಾಳು ಆ ಥಂಡಿಯಲ್ಲಿ ಬೇಗ ಮೊಳಕೆ ಒಡೆಯುವುದಿಲ್ಲ, ಗಂಟು ಕಟ್ಟಿ ಒಲೆಯ ಪಕ್ಕ ತೂಗುಹಾಕಿ.

ಶಿರಸಿ ಹತ್ತಿರದ ತೋಟದವರು

ಸೌದೆಯ ಬಗ್ಗೆ ಯಾರೂ ಹೇಳಿಲ್ಲ. ಆರಿದ್ರಾ ಮಳೆ ಹಿಡಿದರೆ ಮನೆಯೊಳಗಿನ ಕಟ್ಟಿಗೆಯೂ ಬೆವರುತ್ತದೆ. ಮೇ ಕೊನೆಗೇ ಸೀಳಿದ ಕಟ್ಟಿಗೆಯನ್ನು ಶೆಡ್ಡಿಗೆ ಹಾಕಿಸಿ. ಒಲೆಯ ಮೇಲೆ ಅಟ್ಟ ಕಟ್ಟಿ, ನಾಳಿನ ಸೌದೆಯನ್ನು ಇಂದಿನ ಹೊಗೆಯಲ್ಲಿ ಒಣಗಿಸಿ. ಉರಿ ಹಿಡಿಸಲು ನಮ್ಮಂಥ ತೋಟದವರ ಹತ್ತಿರ ನಾಲ್ಕು ಚೀಲ ಒಣ ಅಡಿಕೆ ಸಿಪ್ಪೆ ಕೇಳಿ, ಕೊಡುತ್ತೇವೆ. ಚಹಾಕ್ಕಾದರೂ 19 ಕಿಲೋದ ಗ್ಯಾಸ್ ಸಿಲಿಂಡರು ಒಂದಿರಲಿ.

ತರಕಾರಿಯಲ್ಲಿ ಸೊಪ್ಪು ನಂಬಬೇಡಿ. ಮಂಗಳೂರು ಸೌತೆ, ಸಿಹಿಗುಂಬಳ, ಬೂದುಗುಂಬಳ, ಆಲೂಗಡ್ಡೆ. ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ಆರು ವಾರವೂ ಇರುತ್ತದೆ. ಈರುಳ್ಳಿ ಚೀಲದಲ್ಲೇ ಇಟ್ಟರೆ ಕೊಳೆಯುತ್ತದೆ, ಹರವಬೇಕು.

ಕೆಲಸದವರು ಪ್ರೀತಿಯಿಂದ ಕಾಡಿನ ಅಣಬೆ ತಂದುಕೊಡುತ್ತಾರೆ. ಒಲೆಗೆ ಹಾಕಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ. ಬಯಲುಸೀಮೆಯವರಿಗೆ ಇಲ್ಲಿನ ಅಣಬೆಯ ಗುರುತಿರುವುದಿಲ್ಲ. ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ತಂದರೆ ಮಾಡಬಹುದು, ಆದರೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದ ಮೇಲೆಯೇ. ಹಸಿ ಕಳಲೆಯಲ್ಲಿ ವಿಷದ ಅಂಶವಿದೆ.

ಕೆನಡಾದಿಂದ

ನಾನು ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ಜಾರ್ಜ್‌ನ ಉತ್ತರಕ್ಕೆ ಒಂದು ಸೀಸನ್ ಸಸಿ ನೆಡುವವರ ಕ್ಯಾಂಪಿನಲ್ಲಿ ಸಹಾಯಕ ಅಡುಗೆಯವನಾಗಿದ್ದೆ. ಮೇ ತಿಂಗಳಲ್ಲೂ ಹಿಮ ಬೀಳುತ್ತಿತ್ತು, ನೀರಿನ ಪೈಪು ಹೆಪ್ಪುಗಟ್ಟುತ್ತಿತ್ತು. ನಾಲ್ಕೂವರೆಗೆ ಎದ್ದು, ನಲವತ್ತೈದು ಜನರಿಗೆ ಆರರೊಳಗೆ ತಿಂಡಿ. ಅಲ್ಲಿಯವರಿಗೆ ಸಸಿಗಿಷ್ಟು ಅಂತ ಕೂಲಿ, ಹಾಗಾಗಿ ಮಧ್ಯಾಹ್ನ ಕೂತು ಉಣ್ಣುವವರೇ ಕಡಿಮೆ. ಚೀಲಕ್ಕೆ ಮತ್ತೆ ಸಸಿ ತುಂಬಿಕೊಳ್ಳುವಾಗ ನಿಂತೇ ಎರಡು ತುತ್ತು. ಮೇಲಿನವರು ಬುತ್ತಿಯ ಬಗ್ಗೆ ಹೇಳಿದ್ದು ಅಲ್ಲಿಗೂ ನಿಜ: ಮಣ್ಣುಗೈಯಲ್ಲಿ, ಮಳೆಯಲ್ಲಿ, ನಿಂತು ತಿನ್ನುವಂತಿರಬೇಕು. ಸಸ್ಯಾಹಾರಿಗಳು ಬಹಳ ಇದ್ದರು, ನನ್ನ ಬೇಳೆಸಾರಿನ ಪಾತ್ರೆ ಮೊದಲು ಖಾಲಿಯಾಗುತ್ತಿತ್ತು.

ಅಲ್ಲಿ ಕಲಿತ ಎರಡು ಅಭ್ಯಾಸ. ಊಟದ ಸಾಲಿನ ತಲೆಯಲ್ಲೇ ಸೋಪು, ನಲ್ಲಿಯಿರುವ ನೀರಿನ ಡ್ರಮ್ಮು. ಕೈ ತೊಳೆಯದೆ ತಟ್ಟೆ ಇಲ್ಲ. ಒಬ್ಬರಿಗೆ ಭೇದಿಯಾದರೆ ಬಿಡಾರಕ್ಕೆಲ್ಲ ಹರಡುತ್ತದೆ. ಇನ್ನೊಂದು, ಎಂಜಲನ್ನು ರಾತ್ರಿ ಹೊರಗೆ ಬಿಡುವಂತಿಲ್ಲ. ಅಲ್ಲಿ ಕರಡಿಯ ಭಯ. ನಿಮ್ಮ ಕಡೆಯೂ ಕಾಡುಪ್ರಾಣಿಗಳಿವೆಯಲ್ಲ, ಹಲಸಿನಹಣ್ಣನ್ನಂತೂ ಶೆಡ್ಡಿನಲ್ಲಿ ಇಡಬೇಡಿ.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ನೀರಿನ ಬಗ್ಗೆ ಹೇಳಿ. ಮತ್ತೆ, ರಾತ್ರಿಗೆ ಬಿಸಿ ರೊಟ್ಟಿ ಮಾಡಲು ಕೆಲಸದ ಹೆಂಗಸರೇ ಬರುತ್ತಾರೆ ಅಂತ ಗುತ್ತಿಗೆದಾರರು ಹೇಳಿದ್ದಾರೆ. ಒಪ್ಪಲೇ?

ಯಲ್ಲಾಪುರದ ಆಚೆ ಒಲೆ ಹಿಡಿದವಳು

ಮಳೆ ಬಂದರೆ ಹಳ್ಳದ ನೀರು ಕೆಂಪಾಗುತ್ತದೆ. ಪಟಿಕ ತಿರುವಿ, ತಿಳಿಯಾದ ಮೇಲೆ ಸೋಸಿ, ಕುದಿಸಿ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಜನ ನೀರನ್ನೇ ಕುಡಿಯುವುದಿಲ್ಲ. ಹತ್ತು ಗಂಟೆಗೆ ಶುಂಠಿ-ಬೆಲ್ಲದ ಕಷಾಯ ಗುಡ್ಡಕ್ಕೇ ಕಳಿಸಿ. ಅದರ ಜೊತೆ ಕಾಲಿಗೆ ಹತ್ತುವ ಉಂಬಳ (ಜಿಗಣೆ) ಬಿಡಿಸಲೆಂದು ಒಂದು ಉಪ್ಪಿನ ಗಂಟೂ ಹೋಗಲಿ.

ಎರಡನೆಯದಕ್ಕೆ, ಹಾಗೆ ಒಪ್ಪಬೇಡಿ. ದಿನವಿಡೀ ಗುಂಡಿಗೆ ಬಗ್ಗಿದ ಹೆಂಗಸರನ್ನು ರಾತ್ರಿ ಪುಕ್ಕಟೆ ರೊಟ್ಟಿಗೆ ಕೂರಿಸುವುದು ನಾನಿದ್ದ ಕಡೆ ನಡೆಯುತ್ತಿತ್ತು. ಗಂಡಸರು ಬೆಂಕಿ ಕಾಯಿಸಿಕೊಳ್ಳುವಾಗ ಅವರು ಒದ್ದೆ ಸೀರೆಯಲ್ಲೇ ಹಂಚಿನ ಮುಂದೆ ಇರುತ್ತಿದ್ದರು. ಎರಡನೇ ವರ್ಷ ನಾನು ಹಟ ಹಿಡಿದೆ. ದಿನಕ್ಕೆ ಇಬ್ಬರು ಪಾಳಿಯಲ್ಲಿ ನನ್ನ ಜೊತೆ ಒಲೆಗೆ, ಆ ದಿನ ಅವರು ಗುಡ್ಡ ಹತ್ತುವುದಿಲ್ಲ, ಕೂಲಿ ಪೂರ್ತಿ. ಮಂಡಿ ಊದಿದವರಿಗೆ, ಮುಟ್ಟಾಗಿ ಹೊಟ್ಟೆನೋವಿದ್ದವರಿಗೆ ಆ ಪಾಳಿ ಮೊದಲು ಸಿಗುತ್ತಿತ್ತು. ಇದನ್ನು ಹೋಗುವ ಮೊದಲೇ ಮಾತಾಡಿ, ಹಾಜರಿ ಪುಸ್ತಕದಲ್ಲಿ ಅಡುಗೆಯ ಇಬ್ಬರಿಗೆ ಬೇರೆ ಸಾಲು ಹಾಕಿಸಿ. ಬಿಡಾರ ಸೇರಿದ ಮೇಲೆ ಕೇಳಿದರೆ ಸಿಗುವುದಿಲ್ಲ.