ಕೋಸ್ಟರಿಕಾಗೆ ಶಾಲಾ ಪ್ರವಾಸ: ಎಚ್-4 ಮಗಳಿಗೆ ಏನೇನು ಬೇಕು?

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇವೆ. ಏಳನೇ ಕ್ಲಾಸಿನ ಮಗಳನ್ನು ಶಾಲೆಯವರು ಜೂನ್‌ನಲ್ಲಿ ಕೋಸ್ಟರಿಕಾಗೆ ಕರೆದೊಯ್ಯುತ್ತಿದ್ದಾರೆ. ಭಾರತದ ಪಾಸ್‌ಪೋರ್ಟ್, ಎಚ್-4 (ಅಮೆರಿಕದಲ್ಲಿ ಕೆಲಸದ ವೀಸಾದ ಮೇಲಿರುವವರ ಕುಟುಂಬಕ್ಕೆ ಕೊಡುವ ವೀಸಾ), ಸಸ್ಯಾಹಾರಿ. ಏನೇನು ನೋಡಿಕೊಳ್ಳಬೇಕು?

ಉತ್ತರ 1: ಮೊದಲು ಪಾಸ್‌ಪೋರ್ಟಿನಲ್ಲಿರುವ ಎಚ್-4 ವೀಸಾದ ಅವಧಿ ನೋಡಿ. ಐ-797 (ಅಮೆರಿಕದ ವಲಸೆ ಇಲಾಖೆಯ ಅನುಮೋದನೆ ಪತ್ರ) ಒಂದೇ ಇದ್ದರೆ ಸಾಲದು, ಅದು ಅಮೆರಿಕದೊಳಗೆ ಉಳಿಯಲು ಮಾತ್ರ. ವೀಸಾ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರುವವರಿಗಿರುವ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ವೀಸಾ ಮುಗಿದಿದ್ದರೆ ವಾಪಸ್ ವಿಮಾನ ಹತ್ತಿಸಿಕೊಳ್ಳುವುದಿಲ್ಲ. ಶಾಲೆಯವರು ಕೊಡುವ ದಾಖಲೆಗಳ ಪಟ್ಟಿ ಸಾಮಾನ್ಯವಾಗಿ ಅಮೆರಿಕನ್ ಪಾಸ್‌ಪೋರ್ಟಿನವರಿಗೆ ಮಾಡಿದ್ದು, ಅದನ್ನೇ ನಂಬಬೇಡಿ. ತಂದೆ-ತಾಯಿ ಇಬ್ಬರೂ ಸಹಿ ಹಾಕಿದ ನೋಟರಿ ಒಪ್ಪಿಗೆ ಪತ್ರವೂ ಇರಲಿ.

ಉತ್ತರ 2: ಜೂನ್ ಅಲ್ಲಿ ಮಳೆಗಾಲ, ಮಧ್ಯಾಹ್ನದ ಮೇಲೆ ಸುರಿಯುತ್ತೆ. ಜೀನ್ಸ್ ಒಣಗಲ್ಲ, ಬೇಡ. ಅಲ್ಲಿನ ಬೆಟ್ಟದ ಊರು ಮೊಂಟೆವೆರ್ಡೆಗೆ ಹೋಗುವುದಾದರೆ, ಅದು ಸುಮಾರು 1,400 ಮೀಟರ್ ಎತ್ತರ, ಸ್ವೆಟರ್ ಬೇಕು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ 20–30% ಡೀಟ್ (ಸೊಳ್ಳೆ ಓಡಿಸುವ ರಾಸಾಯನಿಕ) ಇರುವ ಸೊಳ್ಳೆ ಔಷಧಿ. ಎರಡೂ ಬೆರೆಸಿದ ಲೋಷನ್ ಕೊಳ್ಳಬೇಡಿ: ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು, ಡೀಟ್ ಅಷ್ಟು ಸಲ ಹಚ್ಚಬಾರದು.

ಉತ್ತರ 3: ಊಟಕ್ಕೆ ಗಾಯೊ ಪಿಂಟೊ ಸಿಗುತ್ತೆ, ಅನ್ನ ಮತ್ತು ಕಪ್ಪು ಬೀನ್ಸ್ ಕಾಳು. ಕೆಲವು ಕಡೆ ಹಂದಿ ಕೊಬ್ಬು ಹಾಕಿರುತ್ತಾರೆ, ಕೇಳಲೇಬೇಕು. ಸ್ಪ್ಯಾನಿಷ್‌ನಲ್ಲಿ ಬರೀ ‘ಸಿನ್ ಕಾರ್ನೆ’ (ಮಾಂಸ ಬೇಡ) ಅಂತ ಹೇಳಿದರೆ ಕೋಳಿ ಬಂದೀತು. ‘ನಿ ಪೊಯೊ, ನಿ ಪೆಸ್ಕಾದೊ’ (ಕೋಳಿಯೂ ಬೇಡ, ಮೀನೂ ಬೇಡ) ಅಂತಲೂ ಚೀಟಿಯಲ್ಲಿ ಬರೆದುಕೊಡಿ.