ಅಪ್‌ಡೇಟ್: ಕಿವಿಯ ಮೊರೆತಕ್ಕೆ ಪರಿಹಾರ ಮಂಜೂರಾಯಿತು

ಅಮೆರಿಕದ ಸೇನೆಯ ಫಿರಂಗಿ ದಳದಲ್ಲಿದ್ದ ನಮ್ಮ ಯಜಮಾನರಿಗೆ ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು. ಸೇವಾ ದಾಖಲೆಯಲ್ಲಿ ಅದರ ಉಲ್ಲೇಖವೇ ಇಲ್ಲ, ಅಲ್ಲಿನ ಮಾಜಿ ಸೈನಿಕರ ಇಲಾಖೆಗೆ ಅಂಗವೈಕಲ್ಯ ಪರಿಹಾರಕ್ಕೆ ಅರ್ಜಿ ಹಾಕಬಹುದೇ ಎಂದು ಕೇಳಿದ್ದೆ. ಹಾಕಿದೆವು, ಶೇಕಡಾ 10 ಅಂಗವೈಕಲ್ಯ ದರ ಮಂಜೂರಾಯಿತು!

ಕೈಹಿಡಿದದ್ದು ಜೊತೆಗಿದ್ದ ಸೈನಿಕರಿಂದ ಹೇಳಿಕೆ ಪಡೆಯಿರಿ ಎಂಬ ಸಲಹೆ. ‘ಫಿರಂಗಿ ಅಭ್ಯಾಸ ಮುಗಿದ ರಾತ್ರಿಗಳಲ್ಲಿ ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದ’ ಎಂದು ಗೆಳೆಯರೊಬ್ಬರು ಸಾಕ್ಷಿ ಹೇಳಿಕೆಗೆಂದಿರುವ 21-10210 ನಮೂನೆಯಲ್ಲಿ ಬರೆದುಕೊಟ್ಟರು. ದುಡ್ಡು ಕೊಟ್ಟು ಹೊರಗೆ ಮಾಡಿಸಿದ ಶ್ರವಣ ಪರೀಕ್ಷೆ ಪ್ರಯೋಜನಕ್ಕೆ ಬರಲಿಲ್ಲ. ಈ ಸದ್ದಿಗೆ ಅನುಭವಿಸುವವರ ಮಾತೇ ಮುಖ್ಯ ಆಧಾರ. ಅಚ್ಚರಿಯೆಂದರೆ, ಎರಡೂ ಕಿವಿಗೆ ಸೇರಿ ಒಂದೇ 10.

ದಯವಿಟ್ಟು, ಅರ್ಜಿ ಸಲ್ಲಿಸುವ ಉದ್ದೇಶ ತಿಳಿಸುವ 21-0966 ನಮೂನೆಯನ್ನು ಮೊದಲೇ ಕಳುಹಿಸಿ. ವರ್ಷದೊಳಗೆ ಅರ್ಜಿ ಹಾಕಿ ಮಂಜೂರಾದರೆ ಸಾಮಾನ್ಯವಾಗಿ ಆ ನಮೂನೆ ಇಲಾಖೆಗೆ ತಲುಪಿದ ದಿನಾಂಕದಿಂದಲೇ ಹಣ ಲೆಕ್ಕವಾಗುತ್ತದೆ.